ಮೊಲಕ್ಕೆ ಕುಣಿಯಲು ಜಾಗ, ಇಳಿಯಲು ನೆಲ: 8 ಫಲಕದ ಪ್ಲೇಪೆನ್ ಹೇಗಿದೆ?

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮೊಲ ಇದ್ದರೆ ಈ ಮಡಚುವ ಕಬ್ಬಿಣದ ಪ್ಲೇಪೆನ್ ತಗೊಳ್ಳಿ, ಅಂದರೆ ಸಾಕುಪ್ರಾಣಿಯನ್ನು ಒಳಗೆ ಆಡಲು ಬಿಡುವ ಸರಳಿನ ಬೇಲಿ, ಚಿಕ್ಕದಾಗಿ ಪೆನ್. ಪಂಜರಕ್ಕಿಂತ ಎಷ್ಟೋ ಪಾಲು ವಾಸಿ. ಆದರೆ ಅದರ ಜೊತೆ ಕೊಡುವ ಚಾಪೆಯನ್ನು ಮಾತ್ರ ಮೊಲದ ಕಾಲ ಕೆಳಗೆ ಹಾಸಬೇಡಿ. ಪೆನ್‌ಗೆ ಕೊಟ್ಟಷ್ಟೇ ಗಮನ ನೆಲಕ್ಕೂ ಕೊಡಿ. ನನ್ನ ಕೇಳಿದರೆ ನೆಲಕ್ಕೇ ಜಾಸ್ತಿ ಕೊಡಿ. ಮೊಲಕ್ಕೆ ಏಟಾಗುವುದು ಹಾರುವಾಗ ಅಲ್ಲ, ಇಳಿಯುವಾಗ.

ನಮ್ಮದು ಮೈಸೂರಿನಲ್ಲಿ ಬಾಡಿಗೆ ಮನೆ, ಮೊದಲನೇ ಮಹಡಿ. ಹಾಲ್ ತುಂಬಾ ವಿಟ್ರಿಫೈಡ್ ಟೈಲ್ಸ್, ಮುಖ ನೋಡಿಕೊಳ್ಳುವಷ್ಟು ನುಣುಪು. ಎರಡು ಮೊಲ ಇವೆ. ಬೆಲ್ಲ ಗಂಡು, ಕಂದು ಬಣ್ಣ, ಎರಡು ಕಿಲೋ ದಾಟಿದ್ದಾನೆ. ಗುಬ್ಬಿ ಹೆಣ್ಣು, ಬಿಳಿ ಮೈ, ಬೂದು ಕಿವಿ, ಅವನಿಗಿಂತ ಸ್ವಲ್ಪ ಸಣ್ಣವಳು. ಇಬ್ಬರಿಗೂ ಮರಿಯಾಗದಂತೆ ಆಪರೇಷನ್ ಆಗಿದೆ, ಹಾಗಾಗಿ ಜಗಳವಿಲ್ಲದೆ ಒಟ್ಟಿಗೇ ಇರುತ್ತಾರೆ. ಇವರಿಗೆ ಓಡಾಡಲು ಒಂದು ಜಾಗ ಮಾಡಿಕೊಡಬೇಕಿತ್ತು, ಹಾಲ್‌ನಲ್ಲಿ ನಮ್ಮ ಓಡಾಟವೂ ನಡೆಯಬೇಕಿತ್ತು. ಅದಕ್ಕೆ ತಂದದ್ದು ಇದು: 8 ಫಲಕ, ಒಂದೊಂದು 24 ಇಂಚು ಅಗಲ, 36 ಇಂಚು ಎತ್ತರ, ಕಪ್ಪು ಬಣ್ಣ. ನಾಯಿಮರಿಗಳಿಗೆಂದು ಮಾರುವ ಮಾಲು, ಆನ್‌ಲೈನ್‌ನಲ್ಲಿ ಸಿಗುತ್ತದೆ, ದೊಡ್ಡ ಪೆಟ್ ಅಂಗಡಿಗಳಲ್ಲೂ ಸಿಗುತ್ತದೆ. ಹತ್ತಾರು ಹೆಸರಲ್ಲಿ ಬರುತ್ತದೆ, ವಿನ್ಯಾಸ ಮಾತ್ರ ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಬ್ರ್ಯಾಂಡ್ ಹೆಸರು ಹೇಳುವುದಿಲ್ಲ, ಯಾವುದನ್ನು ನೋಡಿ ತಗೊಳ್ಳಬೇಕು ಅಂತ ಹೇಳುತ್ತೇನೆ.

ಪೆನ್ ಹೇಗಿದೆ ಅನ್ನುವ ಮೊದಲು ಅದರೊಳಗೆ ಏನು ನಡೆಯುತ್ತದೆ ಅಂತ ಹೇಳಬೇಕು. ಯಾಕೆಂದರೆ ಅಳೆಯಬೇಕಾದದ್ದು ಅದರಿಂದಲೇ.

ಮೊಲ ಮುಂಜಾನೆ ಮತ್ತು ಮುಸ್ಸಂಜೆಗೆ ಚುರುಕಾಗುವ ಪ್ರಾಣಿ. ನಮ್ಮ ಮನೆಯಲ್ಲಿ ದೇವರ ದೀಪ ಹಚ್ಚುವ ಹೊತ್ತಿಗೆ ಆಟ ಶುರು. ಬೆಲ್ಲ ಮೊದಲು ತಲೆಯನ್ನು ಒಂದು ಸಲ ಕೊಡವುತ್ತಾನೆ, ಕಿವಿ ಎರಡೂ ಪಟಕ್ಕನೆ ಒಂದೇ ಕಡೆಗೆ ಬೀಳುತ್ತವೆ. ಆಮೇಲೆ ಆ ತುದಿಯಿಂದ ಈ ತುದಿಗೆ ಓಟ. ಓಡುತ್ತಾ ಓಡುತ್ತಾ ನಡುವೆ ಎಲ್ಲೋ ನಾಲ್ಕೂ ಕಾಲು ನೆಲ ಬಿಡುತ್ತವೆ, ಗಾಳಿಯಲ್ಲಿ ಇರುವಾಗಲೇ ತಲೆ ಒಂದು ಕಡೆಗೆ, ಸೊಂಟ ಇನ್ನೊಂದು ಕಡೆಗೆ ತಿರುಗುತ್ತದೆ, ಹಿಂಗಾಲು ಎರಡೂ ಪಕ್ಕಕ್ಕೆ ಒದೆಯುತ್ತವೆ, ಇಳಿದದ್ದೇ ತಡ ಬಂದ ದಿಕ್ಕಿಗೇ ಮತ್ತೆ ಓಟ. ಗುಬ್ಬಿ ಅಷ್ಟು ಎತ್ತರ ಹಾರುವುದಿಲ್ಲ, ಅವಳದು ಅರ್ಧ ಹಾರು, ನಿಂತಲ್ಲೇ ಮುಂದಿನ ಭಾಗ ಮಾತ್ರ ಎತ್ತಿ ತಲೆ ಒದರುವುದು. ಮೊಲ ಸಾಕುವವರೆಲ್ಲ ಇದಕ್ಕೆ ಬಿಂಕಿ ಅನ್ನುತ್ತಾರೆ. ಖುಷಿಯಾದಾಗ ಮಾಡುವ ಕುಣಿತ ಇದು. ಹೆದರಿದ ಮೊಲ ಹೀಗೆ ಮಾಡುವುದಿಲ್ಲ, ಅದು ಹಿಂಗಾಲಿನಿಂದ ನೆಲಕ್ಕೆ ಧಡ್ ಧಡ್ ಅಂತ ಬಡಿಯುತ್ತದೆ, ಇಲ್ಲ ಮೂಲೆ ಹಿಡಿದು ಅಲ್ಲಾಡದೆ ಕೂರುತ್ತದೆ. ಹೊಟ್ಟೆ ತಣ್ಣಗಿದ್ದು, ಎಲ್ಲೂ ನೋವಿಲ್ಲದೆ, ಸುತ್ತ ಭಯವಿಲ್ಲದಾಗ ಮಾತ್ರ ಬಿಂಕಿ ಬರುವುದು. ಕುಣಿದು ದಣಿದ ಮೇಲೆ ಪಕ್ಕಕ್ಕೆ ದೊಪ್ಪನೆ ಬಿದ್ದು ಕಾಲು ಚಾಚಿ ಮಲಗುತ್ತವೆ. ಹೊಸಬರು ಪ್ರಾಣ ಹೋಯಿತೇನೋ ಅಂತ ಗಾಬರಿ ಬೀಳುತ್ತಾರೆ, ನಮ್ಮ ಅತ್ತೆಯೂ ಮೊದಲ ಸಲ "ಅಯ್ಯೋ ಬಾರೇ ಇಲ್ಲಿ, ಏನಾಯ್ತೋ ನೋಡು" ಅಂತ ಕೂಗಿದ್ದರು. ಅದೂ ನೆಮ್ಮದಿಯ ಗುರುತೇ.

ಈಗ ಅಪಾಯದ ಮಾತು. ಮೊಲದ ಅಸ್ಥಿಪಂಜರ ಬಹಳ ಹಗುರ. ಮೈತೂಕದ 7ರಿಂದ 8 ಶೇಕಡಾ ಮಾತ್ರ ಮೂಳೆ. ಬೆಕ್ಕಿಗೆ ಅದು 12-13 ಶೇಕಡಾ ಇರುತ್ತದೆ. ಆದರೆ ಹಿಂಗಾಲಿನ ಮಾಂಸಖಂಡ ನೋಡಿದರೆ ಮೈಗೆ ಮೀರಿದ ಬಲ. ತೆಳು ಮೂಳೆಗೆ ಅಷ್ಟೊಂದು ಬಲ ಸೇರಿದರೆ ಏನಾಗುತ್ತದೆ? ಕಾಲು ಆಸರೆ ಸಿಗದೆ ಜಾರಿ, ಮೈ ತಿರುಚಿ, ಆ ಒದೆತದ ಬಲವೆಲ್ಲ ಬೆನ್ನಿಗೆ ಬಿದ್ದರೆ ಬೆನ್ನುಮೂಳೆಯೇ ಮುರಿಯಬಹುದು. ಹೀಗೆ ಮುರಿಯುವುದು ಹೆಚ್ಚಾಗಿ ಸೊಂಟದ ಕೊನೆಯ ಮಣಿಯ ಹತ್ತಿರ, ಅಂದರೆ ಏಳನೆಯದು. ಮುರಿದರೆ ಹಿಂಗಾಲು ಬಿದ್ದುಹೋಗುತ್ತವೆ, ಉಚ್ಚೆಯ ಹಿಡಿತವೂ ಹೋಗುತ್ತದೆ.

ಇನ್ನೊಂದು ವಿಷಯ ಜನ ಗಮನಿಸಿರುವುದೇ ಇಲ್ಲ. ನಾಯಿ ಬೆಕ್ಕಿನ ಪಾದ ತಿರುಗಿಸಿ ನೋಡಿ, ಮೆತ್ತನೆಯ ದಿಂಬು ಇರುತ್ತದೆ. ಮೊಲದ ಪಾದದಲ್ಲಿ ಅದಿಲ್ಲ. ಬರೀ ರೋಮ. ಮಣ್ಣಿನ ಮೇಲೆ, ಹುಲ್ಲಿನ ಮೇಲೆ ಉಗುರು ಊರಿ ಓಡುವ ಕಾಲು ಅದು. ಟೈಲ್ಸ್ ಮೇಲೆ ಉಗುರು ಊರುವುದಕ್ಕೆ ಏನೂ ಸಿಗುವುದಿಲ್ಲ, ರೋಮ ಜಾರುತ್ತದೆ. ರೆಡ್‌ಆಕ್ಸೈಡ್ ನೆಲವೂ ಹಾಗೇ, ಪಾಲಿಶ್ ಮಾಡಿದ ಗ್ರಾನೈಟ್ ಇನ್ನೂ ಕೆಟ್ಟದ್ದು. ಟೈಲ್ಸ್ ಮೇಲೆ ಬಿಟ್ಟ ಮೊಲ ಹೆಜ್ಜೆ ಹೆಜ್ಜೆಗೂ ಹಿಂಗಾಲು ಅಗಲಿಸಿ ನಡೆಯುವುದನ್ನು ನೋಡಿರಬಹುದು. "ನಮ್ಮ ಮೊಲ ಕುಣಿಯುವುದೇ ಇಲ್ಲ ಕಣ್ರೀ, ತುಂಬಾ ಸಾಧು" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ನೆಲ ಯಾವುದು ಅಂತ. ಎಷ್ಟೋ ಸಲ ಸಾಧುವೂ ಅಲ್ಲ ಏನೂ ಅಲ್ಲ, ಜಾರುವ ಭಯ ಅಷ್ಟೇ.

ಸರಿ, ಪೆನ್‌ಗೆ ಬರುತ್ತೇನೆ.

ಬ್ರಿಟನ್ನಿನಲ್ಲಿ ರ್‍ಯಾಬಿಟ್ ವೆಲ್‌ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಅಂತ ಒಂದು ಸಂಸ್ಥೆ ಇದೆ. ಎರಡು ಮೊಲಕ್ಕೆ ಕಡಿಮೆ ಅಂದರೂ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕು ಅನ್ನುವುದು ಅವರ ಮಾತು. ಉದ್ದ ಓಡುವುದಕ್ಕೆ, ಎತ್ತರ ಕಿವಿ ಮಡಚದೆ ಎದ್ದು ನಿಲ್ಲುವುದಕ್ಕೆ ಮತ್ತು ಹಾರುವುದಕ್ಕೆ. ನಮ್ಮ ಕಡೆ ಅಂಗಡಿಯಲ್ಲಿ "ಮೊಲದ ಪಂಜರ" ಅಂತ ಕೊಡುವ ಎರಡಡಿಯ ತಂತಿ ಪೆಟ್ಟಿಗೆಗೂ ಈ ಅಳತೆಗೂ ಇರುವ ದೂರ ನೋಡಿ. ಆ ಪೆಟ್ಟಿಗೆಯಲ್ಲಿ ಮೊಲ ತಿರುಗಿ ಕೂರಬಹುದು, ಅಷ್ಟೇ. ಅದರ ಕೆಳಗೂ ತಂತಿ ಬಲೆ, ದಿನವಿಡೀ ಅದರ ಮೇಲೆ ನಿಂತು ನಿಂತು ಹಿಮ್ಮಡಿಯ ರೋಮ ಉದುರಿ ಹುಣ್ಣಾಗುತ್ತದೆ. ಹುಣ್ಣಾದ ಕಾಲಲ್ಲಿ ಯಾವ ಮೊಲ ಕುಣಿಯುತ್ತದೆ?

8 ಫಲಕದ ಪೆನ್ನಿನ ಸುತ್ತಳತೆ 16 ಅಡಿ. ಡಬ್ಬದ ಮೇಲಿನ ಚಿತ್ರದಂತೆ ಚೌಕವಾಗಿ ನಿಲ್ಲಿಸಿದರೆ ನಾಲ್ಕಡಿಗೆ ನಾಲ್ಕಡಿ, ಒಟ್ಟು 16 ಚದರಡಿ. ಬೆಲ್ಲನಿಗೆ ಅದು ಎರಡೇ ಜಿಗಿತ. ಮೂರನೆಯದಕ್ಕೆ ಕಂಬಿಗೆ ಮೂತಿ. ಆದರೆ ಅದೇ ಫಲಕಗಳನ್ನು ಕೋಣೆಯ ಮೂಲೆಗೆ ತಂದು, ಎರಡು ಗೋಡೆಯನ್ನು ಎರಡು ಬದಿಯಾಗಿ ಬಳಸಿಕೊಂಡು, ಉಳಿದ ಎರಡು ಬದಿಗೆ ಮಾತ್ರ ಫಲಕ ನಿಲ್ಲಿಸಿ. ಒಂದು ಕಡೆ 5 ಫಲಕ, ಇನ್ನೊಂದು ಕಡೆ 3. ಆಗ 10 ಅಡಿಗೆ 6 ಅಡಿ, ಅಂದರೆ 60 ಚದರಡಿ. ಅದೇ ದುಡ್ಡು, ಅದೇ 8 ಫಲಕ, ಜಾಗ ಮಾತ್ರ ಹತ್ತಿರ ಹತ್ತಿರ ನಾಲ್ಕರಷ್ಟು. ಆ 3 ಮೀಟರ್‌ಗೆ 2 ಮೀಟರ್ ಲೆಕ್ಕಕ್ಕೂ ಹೆಚ್ಚು ಕಡಿಮೆ ಸಮ. ತುದಿಯ ಫಲಕವನ್ನು ಗೋಡೆಗೆ ಒತ್ತಿ ನಿಲ್ಲಿಸಲು ನಾವು ಒಂದು ಕಡೆ ಪುಸ್ತಕದ ಬೀರು, ಇನ್ನೊಂದು ಕಡೆ ಮೊಳೆಗೆ ಕೇಬಲ್ ಟೈ ಬಳಸಿದ್ದೇವೆ. ಗೋಡೆಗೂ ಫಲಕಕ್ಕೂ ನಡುವೆ ಸಂದು ಬಿಡಬೇಡಿ. ತಲೆ ತೂರುವಷ್ಟು ಸಂದು ಸಿಕ್ಕರೆ ಮೊಲ ಮೈಯನ್ನೂ ತೂರಿಸಲು ನೋಡುತ್ತದೆ, ಸಿಕ್ಕಿಹಾಕಿಕೊಂಡರೆ ಹಿಂಗಾಲು ಒದೆಯುತ್ತದೆ, ಆಮೇಲೆ ಮೇಲೆ ಹೇಳಿದ ಕಥೆಯೇ. ಗೋಡೆಯಲ್ಲಿ ಪ್ಲಗ್ ಪಾಯಿಂಟ್, ವೈರು ಏನಾದರೂ ಇದ್ದರೆ ಆ ಮೂಲೆ ಬೇಡ. ವೈರು ಕಂಡರೆ ಮೊಲ ಕಡಿಯದೆ ಬಿಡುವುದಿಲ್ಲ.

ಎತ್ತರದ ವಿಷಯದಲ್ಲಿ ಕಂಜೂಸುತನ ಬೇಡ. 24 ಇಂಚಿನದು, 30 ಇಂಚಿನದು, 36 ಇಂಚಿನದು ಅಂತ ಬರುತ್ತವೆ. 24 ಇಂಚಿನದು ಆರೋಗ್ಯವಾಗಿರುವ ಮೊಲಕ್ಕೆ ಲೆಕ್ಕಕ್ಕೇ ಇಲ್ಲ. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಶುರುವಾದ ಕನಿನ್‌ಹಾಪ್ ಅಂತ ಒಂದು ಆಟ ಇದೆ, ಕುದುರೆಗಳ ಹಾಗೆ ಮೊಲಗಳನ್ನು ಅಡ್ಡಪಟ್ಟಿ ಹಾರಿಸುವುದು. ಅದರಲ್ಲಿ ಎತ್ತರದ ದಾಖಲೆ 1 ಮೀಟರ್ ದಾಟಿದೆ. ಉದ್ದ ಜಿಗಿತದಲ್ಲಿ 1999ರಲ್ಲಿ ಡೆನ್ಮಾರ್ಕಿನ ಯಾಬೋ ಅನ್ನುವ ಮೊಲ 3 ಮೀಟರ್ ಹಾರಿತ್ತು. ಅವು ಪಳಗಿದ ಮೊಲಗಳು, ನಮ್ಮ ಮನೆಯವು ಅಷ್ಟು ಹಾರುವುದಿಲ್ಲ, ನಿಜ. ಆದರೆ ಹಾರುವ ಶಕ್ತಿ ಇದೆ ಅನ್ನುವುದು ಗೊತ್ತಿರಬೇಕು ಅಲ್ವಾ? ಕಂಬಿಯ ಮೇಲಿಂದ ಹಾರಲು ಹೋಗಿ ಹಿಂಗಾಲು ಮೇಲಿನ ಸರಳಿಗೆ ಸಿಕ್ಕಿಕೊಂಡರೆ ತಲೆಕೆಳಗಾಗಿ ನೇತಾಡುವ ಸ್ಥಿತಿ. 36 ಇಂಚಿನ ಪೆನ್ನಿನಲ್ಲಿ ನಮ್ಮವರಿಬ್ಬರೂ ಇದುವರೆಗೆ ಆ ಪ್ರಯತ್ನಕ್ಕೆ ಹೋಗಿಲ್ಲ. ಪಕ್ಕದಲ್ಲಿ ಪೆಟ್ಟಿಗೆ, ಸ್ಟೂಲು ಏನನ್ನೂ ಇಡದಿದ್ದರೆ ಮಾತ್ರ ಈ ಎತ್ತರಕ್ಕೆ ಬೆಲೆ. ಮೊದಲು ಪೆಟ್ಟಿಗೆ ಮೇಲೆ, ಅಲ್ಲಿಂದ ಆಚೆಗೆ, ಹೀಗೆ ಎರಡು ಹೆಜ್ಜೆಯಲ್ಲಿ ದಾಟುವ ಬುದ್ಧಿ ಮೊಲಕ್ಕೆ ಚೆನ್ನಾಗಿಯೇ ಇದೆ.

ಸರಳುಗಳ ನಡುವಿನ ಅಂತರ ನಮ್ಮದರಲ್ಲಿ ಒಂದೂವರೆ ಇಂಚು. ಬೆಳೆದ ಮೊಲಕ್ಕೆ ತೊಂದರೆಯಿಲ್ಲ. ಮರಿಗೆ ಇದು ಆಗದು, ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ, ತೀರಾ ಸಣ್ಣದಾದರೆ ಆಚೆಗೇ ಬಂದುಬಿಡುತ್ತದೆ. ಮರಿ ಇದ್ದವರು ಕೆಳಗಿನ ಒಂದಡಿಗೆ ರಟ್ಟು ಕಟ್ಟಬೇಕು, ಇಲ್ಲ ಅಂತರ ಕಡಿಮೆ ಇರುವ ಪೆನ್ನನ್ನೇ ಹುಡುಕಬೇಕು. ಸರಳುಗಳು ನೆಟ್ಟಗೆ ಮೇಲಕ್ಕೆ ಹೋಗಿರುವ ವಿನ್ಯಾಸವೇ ಒಳ್ಳೆಯದು, ಅಡ್ಡ ಸರಳು ಜಾಸ್ತಿ ಇದ್ದರೆ ಕಾಲಿಟ್ಟು ಹತ್ತಲು ಮೆಟ್ಟಿಲು ಕೊಟ್ಟಂತೆ.

ಬಾಗಿಲು. ಇದು ಈ ಪೆನ್ನಿನ ದೊಡ್ಡ ದೋಷ ಅಂತ ನನ್ನ ಅಭಿಪ್ರಾಯ. ಒಂದು ಫಲಕದಲ್ಲಿ ಮಾತ್ರ ಬಾಗಿಲಿದೆ, ಎರಡು ಚಿಲಕ, ಮೇಲೊಂದು ಕೆಳಗೊಂದು. ಬಾಗಿಲ ಕೆಳಗೆ ನಾಲ್ಕು ಇಂಚಿನ ಹೊಸ್ತಿಲಿದೆ. ಅದನ್ನು ಮೊಲ ಸುಲಭವಾಗಿ ಹಾರುತ್ತದೆ, ಅದು ಸಮಸ್ಯೆಯಲ್ಲ. ಸಮಸ್ಯೆ ಇರುವುದು ಬಾಗಿಲ ಕೀಲಿನ ಪಕ್ಕ. ಬಾಗಿಲ ಸರಳಿಗೂ ಚೌಕಟ್ಟಿನ ಸರಳಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು, ಕೆಳಗೆ ಹೋಗುತ್ತಾ ಅದು ಕಿರಿದಾಗುತ್ತದೆ. ಅಂದರೆ ಮೇಲೆ ತೂರಿದ ಪಾದ ಕೆಳಗೆ ಜಾರಿ ಬಿಗಿಯಾಗಿ ಕೂರುತ್ತದೆ. ನಾನು ಒಂದು ಪೆನ್ಸಿಲ್ ತೂರಿಸಿ ಕೆಳಗೆ ಎಳೆದು ನೋಡಿದೆ, ಅರ್ಧ ದಾರಿಯಲ್ಲೇ ಸಿಕ್ಕಿಕೊಂಡಿತು, ಎರಡು ಕೈಯಲ್ಲಿ ಎಳೆಯಬೇಕಾಯಿತು. ಪೆನ್ಸಿಲ್ ಜಾಗದಲ್ಲಿ ಗಾಬರಿಯಾದ ಮೊಲದ ಕಾಲನ್ನು ಊಹಿಸಿಕೊಳ್ಳಿ. ಆ ಸಂದಿನ ಉದ್ದಕ್ಕೂ ದಪ್ಪ ಸೆಣಬಿನ ಹಗ್ಗ ಸುತ್ತಿಬಿಟ್ಟೆವು, ಈಗ ಸಂದೇ ಇಲ್ಲ. ಸೆಣಬು ಕಡಿದರೂ ಭಯವಿಲ್ಲ ಅನ್ನುವಂತಿಲ್ಲ, ಎಳೆ ಎಳೆಯಾಗಿ ನುಂಗಿದರೆ ಹೊಟ್ಟೆಗೆ ತೊಂದರೆ. ಅದಕ್ಕೆ ಗಂಟು ಮತ್ತು ತುದಿ ಎರಡನ್ನೂ ಹೊರಗಡೆಗೇ ಬರುವಂತೆ ಕಟ್ಟಿ, ಆಗಾಗ ನೋಡುತ್ತಿರಬೇಕು. ತಗೊಳ್ಳುವಾಗ ಅಂಗಡಿಯಲ್ಲೇ ಬಾಗಿಲು ಮುಚ್ಚಿ ತೆಗೆದು, ಬೆರಳಿಟ್ಟು ನೋಡಿ. ಆನ್‌ಲೈನ್ ಆದರೆ ಡಬ್ಬ ಬಿಚ್ಚಿದ ದಿನವೇ ಮಾಡಿ.

ಬಣ್ಣದ ವಿಷಯ. ಪೌಡರ್ ಕೋಟಿಂಗ್ ಇರುವುದನ್ನೇ ಕೇಳಿ ತಗೊಳ್ಳಿ. ಉಗುರಿನಿಂದ ಕೆರೆದರೆ ಚಕ್ಕೆ ಏಳುವ ಬಣ್ಣ ಬೇಡವೇ ಬೇಡ, ಬೇಜಾರಾದಾಗ ಮೊಲ ಸರಳು ಕಡಿಯುತ್ತದೆ, ಆ ಚಕ್ಕೆ ಹೊಟ್ಟೆಗೆ ಹೋಗುತ್ತದೆ. ಬರೀ ಸತುವಿನ ಲೇಪನದ ತಂತಿಯೂ ಕಡಿಯುವ ಮೊಲಕ್ಕೆ ಒಳ್ಳೆಯದಲ್ಲ. ನಮ್ಮ ಪೆನ್ನಿನ ಕೋಟಿಂಗ್ ಇದುವರೆಗೆ ಚೆನ್ನಾಗಿದೆ, ಆದರೆ ಫಲಕ ಜೋಡಿಸುವ ಉದ್ದ ಕಡ್ಡಿಗಳ ತುದಿಯಲ್ಲಿ ಮಳೆಗಾಲದಲ್ಲಿ ತುಕ್ಕು ಕಾಣಿಸಿತು. ಒಂದು ಕಡ್ಡಿ ಬಂದಾಗಲೇ ಸೊಟ್ಟಗಿತ್ತು. ಮಾರಿದವರಿಗೆ ಫೋಟೋ ಸಮೇತ ಬರೆದೆವು, ಬದಲಿ ಕಡ್ಡಿ ಕೊಡಲಾಗುವುದಿಲ್ಲ, ಬೇಕಾದರೆ ಇಡೀ ಪೆನ್ನನ್ನೇ ವಾಪಸ್ ಕಳಿಸಿ ಅಂದರು. ಒಂದು ಕಡ್ಡಿಗೆ ಅಷ್ಟು ಭಾರದ ಡಬ್ಬವನ್ನು ಮತ್ತೆ ಕಟ್ಟುವುದು ಯಾರಿಗೆ ಬೇಕು? ವೆಲ್ಡಿಂಗ್ ಅಂಗಡಿಯಲ್ಲಿ ನೆಟ್ಟಗೆ ಮಾಡಿಸಿಕೊಂಡೆವು. ಇದಕ್ಕೂ ಆ ಬಾಗಿಲ ಸಂದಿಗೂ ಸೇರಿ ನನ್ನ ಕಡೆಯಿಂದ ಒಂದು ನಕ್ಷತ್ರ ಕಡಿತ.

ಈಗ ಆ ಚಾಪೆ. ಪೆನ್ ಜೊತೆ ಉಚಿತ ಅಂತ ಒಂದು ತೆಳು ನೈಲಾನ್ ಹಾಸು ಕೊಡುತ್ತಾರೆ, ನೀರು ಇಂಗುವುದಿಲ್ಲ, ಒರೆಸಲು ಸುಲಭ, ನೋಡಲು ಚೆಂದ. ನಾಯಿಮರಿಗೆ ಸರಿ ಹೋಗಬಹುದು. ಮೊಲಕ್ಕೆ ಇದು ಟೈಲ್ಸ್‌ಗಿಂತ ಕೆಟ್ಟದ್ದು, ಯಾಕೆಂದರೆ ಹಾಸಿನ ಮೇಲೆ ಮೊಲ ಜಾರುವುದರ ಜೊತೆಗೆ ಟೈಲ್ಸ್ ಮೇಲೆ ಹಾಸೂ ಜಾರುತ್ತದೆ. ಹಾಸಿ ಕೈಯಿಂದ ಪಕ್ಕಕ್ಕೆ ತಳ್ಳಿದಾಗಲೇ ಗೊತ್ತಾಯಿತು, ಮೊಲ ಬಿಡುವ ಮೊದಲೇ ತೆಗೆದಿಟ್ಟೆವು. ಈಗ ಅದು ಸ್ಕೂಟರ್ ಮುಚ್ಚಲು ಬರುತ್ತಿದೆ.

ಮಕ್ಕಳ ಕೋಣೆಗೆ ಹಾಕುವ ಬಣ್ಣ ಬಣ್ಣದ ಫೋಮ್ ಚೌಕಗಳನ್ನು ಬಹಳ ಜನ ಹೇಳುತ್ತಾರೆ. ಹಿಡಿತ ಚೆನ್ನಾಗಿದೆ, ಮೆತ್ತಗೂ ಇದೆ, ಒಪ್ಪುತ್ತೇನೆ. ಆದರೆ ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಅದಕ್ಕೆ ಸಿಕ್ಕಿದ್ದನ್ನೆಲ್ಲ ಕಡಿಯಲೇಬೇಕು. ಫೋಮ್ ಚೌಕದ ಅಂಚು ಕಡಿಯಲು ಹೇಳಿ ಮಾಡಿಸಿದಂತೆ ಇರುತ್ತದೆ. ನುಂಗಿದ ಫೋಮ್ ಜೀರ್ಣವಾಗುವುದಿಲ್ಲ, ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಒಳಗೆ ಕಟ್ಟಿಕೊಂಡರೆ ಜೀವಕ್ಕೇ ಸಂಚಕಾರ. ಯೋಗದ ಚಾಪೆಗೂ ಇದೇ ಮಾತು. ಕಾರ್ಪೆಟ್‌ನಲ್ಲಿ ಎಳೆಗಳು ಕುಣಿಕೆಯಂತೆ ಎದ್ದಿರುವ ಬಗೆ ಇದೆಯಲ್ಲ, ಅದೂ ಬೇಡ, ಹಾರುವ ಹೊತ್ತಿಗೆ ಉಗುರು ಕುಣಿಕೆಗೆ ಸಿಕ್ಕಿದರೆ ಕಿತ್ತೇ ಬರುತ್ತದೆ. ತೆಂಗಿನ ನಾರಿನ ಮ್ಯಾಟ್ ಹಿಡಿತಕ್ಕೆ ಚೆನ್ನ, ಆದರೆ ಪಾದಕ್ಕೆ ಒರಟು, ಬಾಗಿಲ ಹತ್ತಿರ ಒಂದು ಇರಲಿ ಸಾಕು, ಪೂರ್ತಿ ನೆಲಕ್ಕೆ ಬೇಡ.

ನಮಗೆ ಒಪ್ಪಿದ್ದು ಹತ್ತಿಯ ಜಮಖಾನ. ಹೌದು, ಮದುವೆ ಮನೆಯಲ್ಲಿ ಹಾಸುವ ಅದೇ ಜಮಖಾನ. ಒತ್ತಾದ ನೇಯ್ಗೆ, ಕುಣಿಕೆ ಇಲ್ಲ, ಉಗುರು ಊರಲು ಬೇಕಾದಷ್ಟು ಒರಟು ಇದೆ, ಪಾದ ಉಜ್ಜಿ ಹುಣ್ಣಾಗುವಷ್ಟಿಲ್ಲ. ತುದಿಯ ಕುಚ್ಚು ಕತ್ತರಿಸಿ, ಅಂಚು ಮಡಚಿ ಹೊಲಿಸಿದೆವು, ಇಲ್ಲದಿದ್ದರೆ ಮೊದಲು ಹಲ್ಲು ಬೀಳುವುದು ಅಲ್ಲಿಗೇ. ಆದರೆ ಜಮಖಾನ ಒಂದೇ ಹಾಸಿದರೆ ಟೈಲ್ಸ್ ಮೇಲೆ ಅದೂ ಜಾರುತ್ತದೆ. ಅದರ ಕೆಳಗೆ ರಬ್ಬರಿನ ಜಾಳಿಗೆ ಹಾಸಬೇಕು, ಕಾರ್ಪೆಟ್ ಕೆಳಗೆ ಹಾಕಲು ಮೀಟರ್ ಲೆಕ್ಕದಲ್ಲಿ ಸಿಗುತ್ತದಲ್ಲ ಅದು. ಜಾಳಿಗೆ ಜಮಖಾನದ ಅಂಚಿಗಿಂತ ನಾಲ್ಕು ಬೆರಳು ಒಳಗೇ ಇರಲಿ, ಹಲ್ಲಿಗೆ ಸಿಗಬಾರದು. ಜಮಖಾನದ ಅಂಚು ಪೆನ್ನಿನ ಸರಳಿನ ಕೆಳಗೆ ಸೇರಿಸಿದರೆ ಪೆನ್ನಿನ ತೂಕವೇ ಅದನ್ನು ಹಿಡಿದಿಡುತ್ತದೆ. ಎರಡು ಜಮಖಾನ ಇಟ್ಟುಕೊಂಡಿದ್ದೇವೆ, ಒಂದು ಒಗೆಯಲು ಹೋದಾಗ ಇನ್ನೊಂದು. ಉಚ್ಚೆಗೆ ಮೂಲೆಯಲ್ಲಿ ಒಣಹುಲ್ಲು ಹಾಕಿದ ಟ್ರೇ ಇದೆ, ಅದನ್ನು ಕಲಿಸುವುದು ಕಷ್ಟವೇನಲ್ಲ, ಹಿಕ್ಕೆ ಅಲ್ಲಿ ಇಲ್ಲಿ ಬಿದ್ದರೂ ಒಣಗಿರುತ್ತದೆ, ಗುಡಿಸಿದರಾಯಿತು.

ಇದನ್ನು ಹಾಸಿದ ಸಂಜೆ ಗುಬ್ಬಿಯ ನಡಿಗೆ ನೋಡಬೇಕಿತ್ತು. ಟೈಲ್ಸ್ ಮೇಲೆ ಅವಳು ಹಿಂಗಾಲು ಅಗಲಿಸಿ ಮೆಲ್ಲಗೆ ಹೋಗುತ್ತಿದ್ದವಳು. ಜಮಖಾನದ ಮೇಲೆ ಕಾಲಿಟ್ಟು, ಮುಂಗಾಲಿನಿಂದ ಎರಡು ಸಲ ಕೆರೆದು ನೋಡಿದಳು. ಉಗುರು ಹಿಡಿಯಿತು. ಕಾಲು ಮೈಕೆಳಗೆ ಸರಿಯಾಗಿ ಸೇರಿಸಿಕೊಂಡು ಒಂದು ಜಿಗಿತ, ಇನ್ನೊಂದು ಜಿಗಿತ, ಆಮೇಲೆ ಆ ಅರ್ಧ ಹಾರು. ನಮ್ಮ ಮಗಳು "ಅಮ್ಮಾ, ಗುಬ್ಬೀನೂ ಮಾಡಿದ್ಲು!" ಅಂತ ಕಿರುಚಿದ್ದಕ್ಕೆ ಪಾಪ ಹೆದರಿ ಪೆಟ್ಟಿಗೆ ಸೇರಿಕೊಂಡಳು.

ಪೆನ್ ಒಳಗೆ ಏನೇನು ಇಡಬೇಕು ಅಂತ ಕೇಳುತ್ತಾರೆ. ಕಡಿಮೆ ಇಡಿ. ಓಟದ ದಾರಿ ಖಾಲಿ ಇರಲಿ. ಮೊಲಕ್ಕೆ ಕಣ್ಣು ಎರಡು ಪಕ್ಕಕ್ಕಿವೆ, ಸುತ್ತಮುತ್ತ ಎಲ್ಲ ಕಾಣುತ್ತದೆ, ಆದರೆ ಮೂಗಿನ ಎದುರಿಗೇ ಸ್ವಲ್ಪ ಜಾಗ ಕಾಣುವುದಿಲ್ಲ. ಬಿಂಕಿ ಹಾರುವಾಗ ಎಲ್ಲಿ ಇಳಿಯುತ್ತೇನೆ ಅಂತ ನೋಡಿಕೊಂಡು ಹಾರುವುದೂ ಇಲ್ಲ. ಹಾಗಾಗಿ ನೀರಿನ ಭಾರದ ಬಟ್ಟಲು, ಟ್ರೇ, ಪೆಟ್ಟಿಗೆ ಎಲ್ಲವೂ ಗೋಡೆ ಬದಿಗೆ. ಅವಿತುಕೊಳ್ಳಲು ರಟ್ಟಿನ ಪೆಟ್ಟಿಗೆ ಇರಲಿ, ಎರಡು ಬಾಗಿಲು ಕತ್ತರಿಸಿ, ಒಂದರಿಂದ ಒಬ್ಬರು ಬಂದರೆ ಇನ್ನೊಂದರಿಂದ ಇನ್ನೊಬ್ಬರು ಹೋಗಲು. ಪೆಟ್ಟಿಗೆಯ ಪಿನ್ನು, ಟೇಪು ಎಲ್ಲ ಕಿತ್ತು ತೆಗೆಯಿರಿ. ಓಡುವ ಚಕ್ರ, ಪ್ಲಾಸ್ಟಿಕ್ ಚೆಂಡು ಇವೆಲ್ಲ ಮೊಲಕ್ಕೆ ಅಲ್ಲವೇ ಅಲ್ಲ, ಬೆನ್ನಿಗೆ ಕೆಟ್ಟದ್ದು. ಕುತ್ತಿಗೆ ಪಟ್ಟಿ ಅಂತೂ ಯೋಚಿಸಲೂ ಬೇಡಿ. ಬೆನ್ನಿಗೆ ಹಾಕುವ ಪಟ್ಟಿಯೂ, ಹೆದರಿ ಒಮ್ಮೆಗೇ ನೆಗೆದಾಗ ಹಗ್ಗ ಬಿಗಿದು ಎಳೆದರೆ ಅಪಾಯ. ಅಷ್ಟು ಕಷ್ಟಪಟ್ಟು ಹೊರಗೆ ಕರೆದುಕೊಂಡು ಹೋಗುವ ಬದಲು ಮನೆಯಲ್ಲೇ ಒಳ್ಳೆಯ ಜಾಗ ಮಾಡಿಕೊಡಿ.

ತಾರಸಿಗೆ ಪೆನ್ ಒಯ್ಯಬಹುದಾ ಅಂದರೆ, ಬೆಳಗಿನ ಹೊತ್ತು, ನೆರಳಿನಲ್ಲಿ, ಪಕ್ಕದಲ್ಲೇ ನೀವು ಕೂತಿದ್ದರೆ ಮಾತ್ರ. ಹದ್ದು, ಕಾಗೆ, ಬೆಕ್ಕು ಮೂರೂ ನಮ್ಮ ಊರಲ್ಲಿ ಬೇಕಾದಷ್ಟಿವೆ. ಮೇಲೆ ಬಲೆ ಕಟ್ಟಲೇಬೇಕು, ಅದೂ ಪೆನ್ನಿನ ಪೂರ್ತಿ ಎತ್ತರಕ್ಕೆ, ಬಿಗಿಯಾಗಿ. ಕೆಲವು ಪೆನ್ ಜೊತೆ ಬರುವ ಬಟ್ಟೆಯ ಮುಚ್ಚಳ ನಡುವೆ ಜೋತು ಬೀಳುತ್ತದೆ, ಹಾರಿದ ಮೊಲದ ತಲೆಗೆ ತಾಗುತ್ತದೆ. ತಾರಸಿಯ ಸಿಮೆಂಟು ನೆಲ ಕಾದಿದೆಯಾ ಅಂತ ನಿಮ್ಮ ಅಂಗೈ ಇಟ್ಟು ನೋಡಿ. ಮೊಲ ಬೆವರುವುದಿಲ್ಲ, ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಯಿಂದಲೇ ಬಿಡುತ್ತದೆ, 28 ಡಿಗ್ರಿ ದಾಟಿದರೆ ಕಷ್ಟಪಡಲು ಶುರು. ಮಾರ್ಚ್‌ನಿಂದ ಮೇ ತನಕ ನಾವು ಮಧ್ಯಾಹ್ನ ಒದ್ದೆ ಬಟ್ಟೆ ಸುತ್ತಿದ ಐಸ್ ಬಾಟಲಿ ಇಟ್ಟು, ಆಟ ಬೆಳಗಿಗೆ ಮತ್ತು ರಾತ್ರಿಗೆ ಮಾತ್ರ ಇಡುತ್ತೇವೆ. ಬಾಲ್ಕನಿಗೆ ಬಿಡುವುದಿದ್ದರೆ ಸರಳಿನ ಸಂದಿಗೆಲ್ಲ ಬಲೆ ಹಾಕಿದ ಮೇಲೇ. ಮಹಡಿಯಿಂದ ಬಿದ್ದ ಮೊಲಕ್ಕೆ ಬೆಕ್ಕಿನ ಅದೃಷ್ಟ ಇರುವುದಿಲ್ಲ.

ಆದರೆ ಒಂದು ಮಾತು ಒತ್ತಿ ಹೇಳಬೇಕು. ಎಂಥ ಪೆನ್, ಎಂಥ ಜಮಖಾನ ತಂದರೂ ಬಹಳಷ್ಟು ಬೆನ್ನುಮೂಳೆ ಮುರಿಯುವುದು ಮನುಷ್ಯರ ಕೈಯಲ್ಲಿ. ನಮ್ಮ ಪಕ್ಕದ ಬೀದಿಯ ಒಂದು ಮನೆಯಲ್ಲಿ ಹಾಗೇ ಆಯಿತು. ನೆಂಟರ ಮಗು ಮೊಲವನ್ನು ಹೊಟ್ಟೆ ಹಿಡಿದು ಎತ್ತಿದೆ, ಹಿಂಗಾಲು ನೇತಾಡಿವೆ, ಮೊಲ ಜೋರಾಗಿ ಒದ್ದಿದೆ, ಕೈ ಜಾರಿದೆ. ಅಷ್ಟೇ. ಅದರ ಹಿಂಗಾಲು ಮತ್ತೆ ಏಳಲಿಲ್ಲ. ಮಕ್ಕಳಿಗೆ ಬೈದು ಪ್ರಯೋಜನವಿಲ್ಲ, ನಾವು ಹೇಳಿಕೊಡಬೇಕು. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ, ಮೊಲದ ಮೈ ನಮ್ಮ ಹೊಟ್ಟೆಗೆ ಒತ್ತಿಕೊಂಡಿರಬೇಕು. ಕಿವಿ ಹಿಡಿದು ಎತ್ತುವುದು ಹಿಂಸೆ. ನಮ್ಮ ಮನೆಗೆ ಯಾರೇ ಬರಲಿ, ಮೊಲವನ್ನು ಎತ್ತುವ ಹಾಗಿಲ್ಲ. ಪೆನ್ ಒಳಗೆ ನೆಲದ ಮೇಲೆ ಕೂರಬೇಕು, ಮೊಲ ತಾನಾಗಿ ಬಂದರೆ ಹಣೆ ಸವರಬೇಕು. ಪೆನ್ನಿನಿಂದ ಆದ ದೊಡ್ಡ ಉಪಕಾರ ಇದೇ ಅಂತ ಹೇಳುತ್ತೇನೆ: ಒಳಗೆ ಹೊರಗೆ ಮಾಡಲು ಎತ್ತುವ ಅಗತ್ಯವೇ ಇಲ್ಲ, ಬಾಗಿಲು ತೆಗೆದರೆ ತಾವೇ ಬರುತ್ತವೆ, ಕೊತ್ತಂಬರಿ ಸೊಪ್ಪು ಅಲ್ಲಾಡಿಸಿದರೆ ತಾವೇ ಹೋಗುತ್ತವೆ.

ಉಗುರು ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ಕತ್ತರಿಸಿ. ಉದ್ದ ಉಗುರು ಪಾದವನ್ನು ಹಿಂದಕ್ಕೆ ತಳ್ಳಿ ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ, ಹಾರುವಾಗ ಸಿಕ್ಕಿಕೊಳ್ಳುತ್ತದೆ. ತುಂಬಾ ದಪ್ಪಗಾದ ಮೊಲಕ್ಕೂ ಹಾರಿ ಇಳಿಯುವುದು ಕಷ್ಟ. ಊಟದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹುಲ್ಲೇ ಇರಲಿ, ಗರಿಕೆ ಬೇಕಾದಷ್ಟು ಕೊಡಿ, ಕ್ಯಾರೆಟ್ಟು ಬಾಳೆಹಣ್ಣು ಚೂರೇ ಚೂರು. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಮರಿಗಳಿಗೆ ಸರಿ, ಬೆಳೆದವಕ್ಕೆ ದಿನಾ ಬೇಡ, ಸುಣ್ಣದ ಅಂಶ ಜಾಸ್ತಿ.

ಇಷ್ಟೆಲ್ಲ ಮಾಡಿದ ಮೇಲೂ ಏಟಾಗಬಹುದು. ಮೊಲ ಸಾಮಾನ್ಯವಾಗಿ ನೋವು ತೋರಿಸುವುದಿಲ್ಲ, ಕೂಗುವುದೂ ಅಪರೂಪ. ನೀವೇ ಹುಡುಕಬೇಕು. ಒಂದು ಕಾಲು ಊರದೆ ಇರುವುದು, ಬೆನ್ನು ಗೂನಾಗಿಸಿ ಕೂರುವುದು, ಹಲ್ಲು ಜೋರಾಗಿ ಕಡಿಯುವುದು, ಕರೆದರೂ ಸೊಪ್ಪಿಗೆ ಬಾರದಿರುವುದು. ಹಿಂಗಾಲು ಎಳೆಯುತ್ತಿದ್ದರೆ ಒಂದು ಕ್ಷಣವೂ ಕಾಯಬೇಡಿ. ಮೈ ಬಗ್ಗಿಸದಂತೆ, ಟವೆಲ್ ಹಾಸಿದ ಗಟ್ಟಿ ಪೆಟ್ಟಿಗೆಗೆ ಮೆಲ್ಲಗೆ ಸರಿಸಿ ಡಾಕ್ಟರ ಹತ್ತಿರ ಒಯ್ಯಿರಿ. ಕಾಲು ಸರಿಯಿದ್ದು 12 ಗಂಟೆ ಕಾಲ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದರೂ ಅದು ತುರ್ತೇ. ನೋವಾದರೆ ಮೊಲ ತಿನ್ನುವುದು ಬಿಡುತ್ತದೆ, ತಿನ್ನದಿದ್ದರೆ ಕರುಳು ನಿಲ್ಲುತ್ತದೆ. ಮನೆಯಲ್ಲಿರುವ ನೋವಿನ ಮಾತ್ರೆ, ನಾಯಿಯ ಔಷಧಿ ಕೊಡಬೇಡಿ. ಅಮಾಕ್ಸಿಸಿಲಿನ್‌ನಂಥ ಆಂಟಿಬಯೋಟಿಕ್ ಮಾತ್ರೆ ಬಾಯಿಗೆ ಹಾಕಿದರೆ ಮೊಲದ ಕರುಳೇ ಕೆಡುತ್ತದೆ. ನಾಯಿ ಬೆಕ್ಕು ನೋಡುವ ಡಾಕ್ಟರೆಲ್ಲ ಮೊಲ ನೋಡುವುದಿಲ್ಲ, ನಿಮ್ಮ ಊರಲ್ಲಿ ಯಾರು ನೋಡುತ್ತಾರೆ ಅಂತ ಮೊಲ ಚೆನ್ನಾಗಿರುವಾಗಲೇ ವಿಚಾರಿಸಿ, ನಂಬರ್ ಬೀರುವಿನ ಬಾಗಿಲಿಗೆ ಅಂಟಿಸಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಲೆಕ್ಕ ಹೇಳಿಬಿಡುತ್ತೇನೆ. ಪೆನ್‌ಗೆ ನಾಲ್ಕು ಸಾವಿರದ ಹತ್ತಿರ ಕೊಟ್ಟೆವು. ಎರಡು ಜಮಖಾನ, ಜಾಳಿಗೆ, ಹೊಲಿಗೆ ಎಲ್ಲ ಸೇರಿ ಇನ್ನೊಂದು ಸಾವಿರದ ಚಿಲ್ಲರೆ. ಬೇಡದಾಗ ಮಡಚಿ ಮಂಚದ ಕೆಳಗೆ ತಳ್ಳಬಹುದು, ಮನೆ ಖಾಲಿ ಮಾಡುವಾಗ ಜೊತೆಗೇ ಒಯ್ಯಬಹುದು, ಬಾಡಿಗೆ ಮನೆಯವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ, ಆ ಸೊಟ್ಟ ಕಡ್ಡಿಗೂ ಬಾಗಿಲ ಸಂದಿಗೂ ಸೇರಿ ಒಂದು ಕಡಿತ. ಚಾಪೆಗೆ ನಕ್ಷತ್ರವೇ ಇಲ್ಲ. ತಗೊಳ್ಳುವವರು ಮೊದಲು ನಿಮ್ಮ ಹಾಲ್‌ನ ಮೂಲೆಯಲ್ಲಿ ಟೇಪ್ ಹಿಡಿದು 10 ಅಡಿ, 6 ಅಡಿ ಅಳೆದು ನೋಡಿ. ಅಷ್ಟು ಜಾಗ ಇದ್ದರೆ 8 ಫಲಕದ 36 ಇಂಚಿನದು ಒಂದು ಸೆಟ್ ಸಾಕು. ಎರಡು ಗೋಡೆ ಸಿಗುವ ಮೂಲೆ ಇಲ್ಲದಿದ್ದರೆ ಒಂದೇ ಬ್ರ್ಯಾಂಡಿನ ಎರಡು ಸೆಟ್ ತಗೊಂಡು ಜೋಡಿಸಬೇಕು, ಬೇರೆ ಬೇರೆ ಕಂಪನಿಯ ಕಡ್ಡಿಗಳು ಒಂದಕ್ಕೊಂದು ಕೂರುವುದಿಲ್ಲ.